ಕಡಲ ಮೇಲೆ ನೆಲ ಹುಡುಕಿದ ಕಥೆ

ಹಂಚಿನ ಮನೆಯ ಸೂರಿನ ಮೇಲೆ ಎರಡು ಬಿದಿರು ಗಳುಗಳು. ಅವುಗಳ ನಡುವೆ ಬಿಗಿದು ಕಟ್ಟಿದ ತಾಮ್ರದ ಜಾಲರಿಪಟ್ಟಿ. ಅದರಿಂದ ಇಳಿದ ಒಂದು ತಂತಿ ಕಿಟಕಿಯ ಮೂಲಕ ನಡುಮನೆಗೆ ಬಂದು, ಕಸೂತಿ ಬಟ್ಟೆ ಹೊದ್ದು ಕುಳಿತ ರೇಡಿಯೊ ಪೆಟ್ಟಿಗೆಯ ಬೆನ್ನಿಗೆ ಸೇರುತ್ತಿತ್ತು. ಅದೇ ಬೆನ್ನಿನಿಂದ ಇನ್ನೊಂದು ತಂತಿ ಹೊರಟು, ಗೋಡೆಯ ಬುಡದಲ್ಲಿ ಹೂತ ಕಬ್ಬಿಣದ ಕೊಳವೆಗೋ ಬಚ್ಚಲ ನೀರು ಹರಿಯುವ ತೋಡಿನ ಪಕ್ಕದ ಗೂಟಕ್ಕೋ ಸುತ್ತಿಕೊಳ್ಳುತ್ತಿತ್ತು. ಕಡೂರು, ತರೀಕೆರೆ, ಸಖರಾಯಪಟ್ಟಣದಂಥ ಊರುಗಳಲ್ಲಿ ರೇಡಿಯೊಗೂ ಪರವಾನಗಿ ಬೇಕಿದ್ದ ಕಾಲವನ್ನು ಕಂಡವರಿಗೆ ಈ ಎರಡು ತಂತಿಗಳ ನೆನಪು ಇದ್ದೇ ಇರುತ್ತದೆ. ಮೊದಲನೆಯದು ‘ಏರಿಯಲ್’, ಎರಡನೆಯದು ‘ಅರ್ತ್’.

ಬೇಸಿಗೆಯಲ್ಲಿ ನೆಲ ಒಣಗಿದರೆ ರೇಡಿಯೊ ಗೊರಗೊರ ಅನ್ನುತ್ತಿತ್ತು. ಪ್ರದೇಶ ಸಮಾಚಾರದ ಹೊತ್ತಿಗೆ ಹಿರಿಯರು ಮಕ್ಕಳನ್ನು ಕೂಗಿ, ‘ಅರ್ತಿಗೆ ಒಂದು ಚೊಂಬು ನೀರು ಹುಯ್ಯೋ’ ಎನ್ನುತ್ತಿದ್ದರು. ನೀರು ಹುಯ್ದರೆ ವಾರ್ತೆ ಸ್ಪಷ್ಟವಾಗುತ್ತದೆ ಎಂಬುದು ಮೂಢನಂಬಿಕೆಯಂತೆ ಕಾಣುತ್ತಿದ್ದರೂ ಅದು ಅಪ್ಪಟ ವಿಜ್ಞಾನ. ಗುಂಡಿಗೆ ಇದ್ದಿಲು, ಉಪ್ಪು ತುಂಬುತ್ತಿದ್ದುದೂ ಅದಕ್ಕಾಗಿಯೇ. ಒಣಮಣ್ಣು ವಿದ್ಯುತ್ತನ್ನು ಒಲ್ಲದು. ಉಪ್ಪುನೀರು ಬೇಗ ಒಪ್ಪಿಕೊಳ್ಳುತ್ತದೆ.

ನೆಲದ ಮೇಲಿನ ಮನೆಗೆ ನೆಲ ಸಿಗುವುದು ಸುಲಭ. ಆದರೆ ನೀರಿನ ಮೇಲೆ ತೇಲುವ ದೋಣಿಯಲ್ಲಿ ರೇಡಿಯೊ ಇಟ್ಟರೆ ಅರ್ತ್ ತಂತಿಯನ್ನು ಎಲ್ಲಿ ಹೂಳುವುದು? ಕೇಳಲು ಇದು ಹುಡುಗಾಟದ ಪ್ರಶ್ನೆ. ಉತ್ತರ ಕಂಡುಕೊಳ್ಳಲು ಮನುಷ್ಯನಿಗೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ಹಾದಿಯಲ್ಲಿ ಮುರಿದ ಕೂವೆಮರಗಳು, ಸುಟ್ಟ ಹಡಗುಗಳು, ಹೋದ ಜೀವಗಳು ಬಹಳ.

ಮೊದಲು ಸಿಡಿಲು, ಆಮೇಲೆ ರೇಡಿಯೊ

ದೋಣಿಗೆ ‘ನೆಲ’ ಬೇಕೆಂದು ಮೊದಲು ತೋರಿಸಿಕೊಟ್ಟಿದ್ದು ರೇಡಿಯೊ ಅಲ್ಲ, ಸಿಡಿಲು. ಬಟಾಬಯಲಾದ ಸಮುದ್ರದಲ್ಲಿ ಎತ್ತರವಾಗಿ ನಿಂತಿರುವುದು ಹಡಗಿನ ಕೂವೆಮರ ಒಂದೇ. ಹೊಲದ ನಡುವಿನ ಒಂಟಿ ತೆಂಗಿನಮರಕ್ಕೆ ಸಿಡಿಲು ಬಡಿಯುವ ನ್ಯಾಯವೇ ಇಲ್ಲಿಯೂ. ಅಂದಿನ ಹಡಗುಗಳು ಮರದವು. ಯುದ್ಧನೌಕೆಯಾದರೆ ಹೊಟ್ಟೆಯೊಳಗೆ ಮದ್ದಿನ ಉಗ್ರಾಣ ಬೇರೆ. ನಮ್ಮ ಕಡೆ ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿಕೊಳ್ಳುವ ರೂಢಿ ಇದೆ. ಐರೋಪ್ಯ ನಾವಿಕರಿಗೂ ಅವರವರ ದೇವರನ್ನು ನೆನೆಯುವುದರ ಹೊರತು ಬೇರೆ ಉಪಾಯವಿರಲಿಲ್ಲ.

ಉಪಾಯ ಹೇಳಿದವನು ಬೆಂಜಮಿನ್ ಫ್ರಾಂಕ್ಲಿನ್. ಮಿಂಚು ಎಂಬುದು ವಿದ್ಯುತ್ತೇ ಎಂದು 1752ರಲ್ಲಿ ಗಾಳಿಪಟದ ಪ್ರಯೋಗದಿಂದ ಲೋಕಪ್ರಸಿದ್ಧನಾದ ಈ ಅಮೆರಿಕನ್, ತಾನು ಪ್ರಕಟಿಸುತ್ತಿದ್ದ ಪಂಚಾಂಗದ 1753ರ ಸಂಚಿಕೆಯಲ್ಲಿ ಮನೆಗಳಿಗೆ ಮಿಂಚುವಾಹಕ ಹಾಕುವ ಕ್ರಮವನ್ನು ವಿವರಿಸಿದ. ಜೊತೆಗೆ ಹಡಗುಗಳಿಗೂ ಒಂದು ಸಲಹೆ ಕೊಟ್ಟ. ಕೂವೆಮರದ ತುದಿಗೆ ಚೂಪಾದ ಸಲಾಕೆ ನೆಡಬೇಕು. ಅದರಿಂದ ತಂತಿಯೊಂದನ್ನು ಹಗ್ಗಗಳ ಪಕ್ಕದಲ್ಲಿ ಇಳಿಸಿ ಸಮುದ್ರದ ನೀರಿಗೆ ಮುಟ್ಟಿಸಬೇಕು. ಅಂದರೆ ಫ್ರಾಂಕ್ಲಿನ್ ಸಮುದ್ರವನ್ನೇ ನೆಲವೆಂದು ಬಗೆದಿದ್ದ. ಇಡೀ ಕಥೆಯ ಬೀಜ ಇಲ್ಲಿದೆ.

ಇದರ ಪರೀಕ್ಷೆ ಆಕಸ್ಮಿಕವಾಗಿ ನಡೆದದ್ದು 1770ರ ಅಕ್ಟೋಬರ್‌ನಲ್ಲಿ, ಈಗಿನ ಜಕಾರ್ತಾ ಆದ ಬಟಾವಿಯಾ ಬಂದರಿನಲ್ಲಿ. ಕ್ಯಾಪ್ಟನ್ ಜೇಮ್ಸ್ ಕುಕ್‌ನ ‘ಎಂಡೆವರ್’ ಹಡಗು ಅಲ್ಲಿ ಲಂಗರು ಹಾಕಿತ್ತು. ಸ್ವಲ್ಪ ದೂರದಲ್ಲಿ ಡಚ್ಚರ ಹಡಗೊಂದಿತ್ತು. ರಾತ್ರಿ ಗುಡುಗು ಮಳೆ ಶುರುವಾಗುತ್ತಿದ್ದಂತೆ ಕುಕ್‌ನ ನಾವಿಕರು ಮಿಂಚಿನ ಸರಪಳಿಯನ್ನು ಕೂವೆಮರಕ್ಕೆ ಏರಿಸಿ ಇನ್ನೊಂದು ತುದಿಯನ್ನು ನೀರಿಗೆ ಬಿಟ್ಟರು. ಆಗಲೇ ಸಿಡಿಲು ಎರಗಿತು. ಡಚ್ ಹಡಗಿನ ಕೂವೆಮರ ಸೀಳಿ ಚೂರುಚೂರಾಯಿತು. ‘ಎಂಡೆವರ್’ ಗಡಗಡ ನಡುಗಿತಷ್ಟೆ. ಸರಪಳಿ ಸಿಡಿಲನ್ನು ಹಡಗಿನ ಪಕ್ಕದಿಂದ ಇಳಿಸಿ ಕಡಲಿಗೆ ಕೊಟ್ಟಿತು. ಸರಪಳಿ ಇಲ್ಲದಿದ್ದರೆ ತಮಗೂ ಅದೇ ಗತಿಯಾಗುತ್ತಿತ್ತು ಎಂದು ಕುಕ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಇಷ್ಟಾದ ಮೇಲೆ ಎಲ್ಲ ಹಡಗುಗಳೂ ಸರಪಳಿ ಹಾಕಿಕೊಂಡು ಸುಖವಾಗಿದ್ದವು ಎಂದುಕೊಳ್ಳಬಹುದು. ಹಾಗಾಗಲಿಲ್ಲ. ಸರಪಳಿ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಮೋಡ ಕವಿದ ಮೇಲೆ ಯಾರಾದರೂ ಅದನ್ನು ಹೊತ್ತು ಕೂವೆಮರ ಹತ್ತಬೇಕು. ಸಿಡಿಲು ಬಡಿಯಲಿರುವ ಜಾಗಕ್ಕೇ ಹತ್ತಿ ಹೋಗುವ ಕೆಲಸ! ಎಷ್ಟೋ ಹಡಗುಗಳಲ್ಲಿ ಅದು ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಬಂದರೂ ಕೊಂಡಿ ಕೊಂಡಿಯ ನಡುವೆ ಬಿಗಿ ಸಾಲದೆ ಅಲ್ಲಲ್ಲೇ ಕಿಡಿ ಹಾರಿ ತುಂಡಾಗುತ್ತಿತ್ತು.

ಈ ದೋಷವನ್ನು ತಿದ್ದಲು ಹೊರಟವನು ಇಂಗ್ಲೆಂಡಿನ ಪ್ಲಿಮತ್‌ನ ವೈದ್ಯ ವಿಲಿಯಂ ಸ್ನೋ ಹ್ಯಾರಿಸ್. ವೈದ್ಯವೃತ್ತಿ ಬಿಟ್ಟು ಸಿಡಿಲಿನ ಬೆನ್ನು ಹತ್ತಿದ ಆತನಿಗೆ ಜನ ‘ಗುಡುಗು ಸಿಡಿಲಿನ ಹ್ಯಾರಿಸ್’ ಎಂದೇ ಅಡ್ಡಹೆಸರು ಇಟ್ಟಿದ್ದರು. 1820ರಲ್ಲಿ ಆತ ಮುಂದಿಟ್ಟ ಯೋಜನೆ ಸರಳ. ಮಿಂಚುವಾಹಕವನ್ನು ಬೇಕಾದಾಗ ಏರಿಸುವುದಲ್ಲ, ಹಡಗಿನ ಮೈಯಲ್ಲೇ ಕೂರಿಸಿಬಿಡಬೇಕು. ಕೂವೆಮರದ ಉದ್ದಕ್ಕೂ ಗಾಡಿ ಕೊರೆದು ತಾಮ್ರದ ಪಟ್ಟಿಗಳನ್ನು ಹುದುಗಿಸಿ, ಅವನ್ನು ಹಡಗಿನ ಬೆನ್ನುಮರದ ಲೋಹದ ಮೊಳೆಗಳಿಗೂ ತಳಕ್ಕೆ ಹೊದಿಸಿದ ತಾಮ್ರದ ತಗಡಿಗೂ ಜೋಡಿಸಬೇಕು. ತಗಡು ಸದಾ ಸಮುದ್ರದಲ್ಲಿ ಮುಳುಗಿರುವುದರಿಂದ ಸಿಡಿಲಿಗೆ ಹಗಲೂ ರಾತ್ರಿ ದಾರಿ ತೆರೆದಿರುತ್ತದೆ.

ನೌಕಾಪಡೆಯ ಅಧಿಕಾರಿಗಳು ಸುಲಭಕ್ಕೆ ಒಪ್ಪಲಿಲ್ಲ. ಲೋಹ ಇಟ್ಟರೆ ಸಿಡಿಲನ್ನು ಕರೆದು ಕೂರಿಸಿದಂತೆ ಎಂಬ ವಾದ ಆಗಲೇ ಇತ್ತು. (ನಮ್ಮ ಹಳ್ಳಿಗಳಲ್ಲೂ ಈ ವಾದ ಇನ್ನೂ ಕೇಳಿಬರುತ್ತದೆ.) ಹ್ಯಾರಿಸ್ ಹಳೆಯ ಹಡಗುಗಳ ದಿನಚರಿಗಳನ್ನು ಜಾಲಾಡಿ ಸಿಡಿಲಿನಿಂದಾದ ಹಾನಿಯನ್ನು ಒಂದೊಂದಾಗಿ ಪಟ್ಟಿ ಮಾಡಿದ. ಪ್ರಯೋಗಕ್ಕೆಂದು ಕೆಲವು ಹಡಗುಗಳಿಗೆ ಆತನ ಪಟ್ಟಿಗಳನ್ನು ಜೋಡಿಸಲಾಯಿತು. ಅವುಗಳಲ್ಲಿ ಒಂದು 1831ರ ಡಿಸೆಂಬರ್‌ನಲ್ಲಿ ಹೊರಟ ‘ಬೀಗಲ್’. ಯುವಕ ಚಾರ್ಲ್ಸ್ ಡಾರ್ವಿನ್‌ನನ್ನು ಲೋಕ ಸುತ್ತಿಸಿದ ಅದೇ ಹಡಗು. ಐದು ವರ್ಷದ ಆ ಯಾನದಲ್ಲಿ ಸಿಡಿಲಿನಿಂದ ಅದಕ್ಕೆ ಹಾನಿಯಾಗಲಿಲ್ಲ. ಕೊನೆಗೆ 1840ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆ ಹ್ಯಾರಿಸ್‌ನ ಕ್ರಮವನ್ನು ಒಪ್ಪಿತು. 1847ರಲ್ಲಿ ಆತನಿಗೆ ‘ಸರ್’ ಪದವಿ ಬಂತು. ವಿಪರ್ಯಾಸವೆಂದರೆ ಅಷ್ಟರಲ್ಲಿ ಕಬ್ಬಿಣದ ಹಡಗುಗಳು ಬರತೊಡಗಿದ್ದವು. ಕಬ್ಬಿಣದ ಹಡಗಿಗೆ ಮೈಯೆಲ್ಲ ವಾಹಕವೇ. ಇಪ್ಪತ್ತು ವರ್ಷ ಹೋರಾಡಿ ಗೆದ್ದ ವಿದ್ಯೆಯ ಅಗತ್ಯವೇ ಕ್ರಮೇಣ ಮರೆತುಹೋಯಿತು.

ಹೂಗ್ಲಿಯ ನೀರು, ಮಾರ್ಕೋನಿಯ ನೆಲ

ನೆಲ ಬರಿಯ ಸಿಡಿಲಿನ ಚರಂಡಿಯಲ್ಲ, ಅದು ವಿದ್ಯುತ್ತಿನ ಹೆದ್ದಾರಿಯೂ ಹೌದು ಎಂಬ ಅರಿವು ತಂತಿ ಯುಗದಲ್ಲಿ ಬಂತು. ತಂತಿ ಕಳಿಸಲು ಹೋಗಲೊಂದು ತಂತಿ, ಬರಲೊಂದು ತಂತಿ ಬೇಕೆಂದೇ ಮೊದಲು ತಿಳಿದಿದ್ದರು. 1838ರಲ್ಲಿ ಜರ್ಮನಿಯ ಸ್ಟೈನ್‌ಹೈಲ್, ಎರಡೂ ತುದಿಯಲ್ಲಿ ಲೋಹದ ಫಲಕ ಹೂತರೆ ಭೂಮಿಯೇ ಎರಡನೆಯ ತಂತಿಯ ಕೆಲಸ ಮಾಡುತ್ತದೆಂದು ಕಂಡುಕೊಂಡ. ಮರುವರ್ಷವೇ, 1839ರಲ್ಲಿ, ಕಲ್ಕತ್ತೆಯಲ್ಲಿ ವೈದ್ಯನಾಗಿದ್ದ ವಿಲಿಯಂ ಓಶಾಗ್ನೆಸಿ ತನ್ನ ತಂತಿ ಪ್ರಯೋಗದಲ್ಲಿ ಹೂಗ್ಲಿ ನದಿಯ ನೀರನ್ನೇ ಮರಳುದಾರಿಯಾಗಿ ಬಳಸಿದ. ಭಾರತದ ತಂತಿ ವ್ಯವಸ್ಥೆಯನ್ನು ಮುಂದೆ ಕಟ್ಟಿದವನೂ ಈತನೇ. ನೀರನ್ನು ನೆಲವಾಗಿಸುವ ಈ ಜಾಣ್ಮೆ ನಮ್ಮ ದೇಶದಲ್ಲಿ ಅಷ್ಟು ಮೊದಲೇ ನಡೆದಿತ್ತು ಎಂಬುದು ಹೆಚ್ಚು ಜನಕ್ಕೆ ತಿಳಿಯದ ಸಂಗತಿ.

1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶ್ ಚಂದ್ರ ಬೋಸರು ತಂತಿಯಿಲ್ಲದೆ ವಿದ್ಯುತ್ ತರಂಗಗಳನ್ನು ಗೋಡೆಯಾಚೆ ಕಳಿಸಿ ತೋರಿಸಿದರು. ಅದೇ ವರ್ಷ ಇಟಲಿಯ ಬೊಲೋನ್ಯದ ಬಳಿ ಇಪ್ಪತ್ತೊಂದರ ಹರೆಯದ ಗುಲ್ಯೆಲ್ಮೊ ಮಾರ್ಕೋನಿ ಮನೆಯ ಹಿತ್ತಲಲ್ಲಿ ಇದೇ ಆಟ ಆಡುತ್ತಿದ್ದ. ಆತನ ಯಂತ್ರದ ಸದ್ದು ಮೊದಮೊದಲು ತೋಟದಾಚೆ ಹೋಗುತ್ತಿರಲಿಲ್ಲ. ಒಂದು ದಿನ ಯಂತ್ರದ ಒಂದು ತುದಿಯ ಲೋಹವನ್ನು ಗಳುವಿನ ಮೇಲೆ ಎತ್ತರಕ್ಕೆ ಏರಿಸಿ, ಇನ್ನೊಂದನ್ನು ನೆಲದಲ್ಲಿ ಹೂತ. ಕೂಡಲೇ ಸಂಕೇತ ಎರಡು ಕಿಲೋಮೀಟರ್ ದಾಟಿ ಗುಡ್ಡದ ಆಚೆಗೂ ತಲುಪಿತು. ಮಾರ್ಕೋನಿಯ ಯಶಸ್ಸಿನ ಗುಟ್ಟು ಏರಿಯಲ್ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಗುಟ್ಟು ಅರ್ತ್‌ನಲ್ಲಿತ್ತು.

ಯಾಕೆ ಹೀಗೆ? ಹರಿಗೋಲಿನಲ್ಲಿ ನಿಂತು ಬಲೆ ಬೀಸುವವನನ್ನು ನೋಡಿ. ಬಲೆ ಮುಂದಕ್ಕೆ ಹೋದರೆ ಹರಿಗೋಲು ಹಿಂದಕ್ಕೆ ಜಾರುತ್ತದೆ. ಅರ್ಧ ಬಲ ಅಲ್ಲಿಗೇ ಮುಗಿಯಿತು. ಅದೇ ಮನುಷ್ಯ ದಡದ ಬಂಡೆಯ ಮೇಲೆ ನಿಂತು ಬೀಸಿದರೆ ಬಲೆ ದೂರ ಬೀಳುತ್ತದೆ. ಏರಿಯಲ್‌ಗೂ ವಿದ್ಯುತ್ತನ್ನು ಮೇಲಕ್ಕೆ ತಳ್ಳಲು ಕಾಲೂರುವ ಜಾಗ ಬೇಕು. ನೆಲಕ್ಕೆ ಜೋಡಿಸಿದ ಏರಿಯಲ್‌ಗೆ ಭೂಮಿಯೇ ಅದರ ಇನ್ನರ್ಧವಾಗುತ್ತದೆ, ಕನ್ನಡಿಯಲ್ಲಿ ಕಂಡ ಪ್ರತಿಬಿಂಬದ ಹಾಗೆ.

ತರೀಕೆರೆಯ ಆಚೆ ಇರುವ ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಶುರುವಾಯಿತು. ಕಡೂರು ಸೀಮೆಯ ಮನೆಗಳಲ್ಲಿ 675 ಕಿಲೋಹರ್ಟ್ಸ್‌ನ ಅದರ ದನಿ ಕೇಳದವರಿಲ್ಲ. ಆ ತರಂಗದ ಉದ್ದ ಸುಮಾರು 444 ಮೀಟರ್. ಇಂಥ ಮಧ್ಯಮ ತರಂಗದ ಕೇಂದ್ರಗಳಲ್ಲಿ ಕಣ್ಣಿಗೆ ಕಾಣುವುದು ಎತ್ತರದ ಕಂಬ. ಕಾಣದಿರುವುದು ಅದರ ಬುಡದಿಂದ ಸೂರ್ಯಕಿರಣದಂತೆ ಸುತ್ತಲೂ ನೆಲದಡಿ ಹರಡಿದ ತಾಮ್ರದ ತಂತಿಗಳು. ಇಂಥ ತಂತಿಗಳು ನೂರಿಪ್ಪತ್ತರಷ್ಟು ಇದ್ದರೆ ಕಂಬ ಚೆನ್ನಾಗಿ ಕೆಲಸ ಮಾಡುತ್ತದೆಂದು 1937ರಲ್ಲಿ ಅಮೆರಿಕದ ಮೂವರು ಎಂಜಿನಿಯರುಗಳು ಅಳೆದು ತೋರಿಸಿದ್ದರು. ಒಣಮಣ್ಣಿನ ಕೊರತೆಯನ್ನು ತುಂಬಲು ಇಷ್ಟೆಲ್ಲ ತಾಮ್ರ. ಸಮುದ್ರದ ಮೇಲಾದರೆ ಇಂಥ ಖರ್ಚೇ ಇಲ್ಲ. ಉಪ್ಪುನೀರಿನಷ್ಟು ಒಳ್ಳೆಯ ನೆಲ ಭೂಮಿಯ ಮೇಲೆ ಬೇರೆಲ್ಲೂ ಸಿಗದು. ಅದನ್ನು ಮುಟ್ಟುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಉಕ್ಕಿನ ಹಡಗುಗಳಿಗೆ ಅದೂ ಪ್ರಶ್ನೆಯಲ್ಲ. 1912ರ ಏಪ್ರಿಲ್ 14ರ ರಾತ್ರಿ ನೀರ್ಗಲ್ಲಿಗೆ ಡಿಕ್ಕಿ ಹೊಡೆದ ‘ಟೈಟಾನಿಕ್’ನಿಂದ ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್ ಎಂಬಿಬ್ಬರು ನಿಸ್ತಂತು ಕೆಲಸಗಾರರು ಕಳಿಸಿದ ಕರೆಯನ್ನು ‘ಕಾರ್ಪೇಥಿಯಾ’ ಕೇಳಿಸಿಕೊಂಡಿತು. 700ಕ್ಕೂ ಹೆಚ್ಚು ಜನ ಬದುಕಿದ್ದು ಅದರಿಂದ. 1,500ರಷ್ಟು ಜನ ಸತ್ತರು, ಫಿಲಿಪ್ಸ್ ಕೂಡ. ಆ ದುರಂತದ ಬಳಿಕ 1914ರಲ್ಲಿ ದೊಡ್ಡ ಹಡಗುಗಳಿಗೆ ರೇಡಿಯೊ ಕಡ್ಡಾಯ ಮಾಡುವ ಅಂತರರಾಷ್ಟ್ರೀಯ ಒಪ್ಪಂದ ಬಂತು. ಉಕ್ಕಿನ ಹಡಗಿನಲ್ಲಿ ಯಂತ್ರದಿಂದ ಒಂದು ತಂತಿಯನ್ನು ಗೋಡೆಗೆ ಬಿಗಿದರೆ ಸಾಕು, ಸಾವಿರಾರು ಟನ್ ಲೋಹ ಕಡಲನ್ನು ಅಪ್ಪಿಕೊಂಡೇ ಇರುತ್ತದೆ. ಕಷ್ಟ ಉಳಿದದ್ದು ಬಡವರ ದೋಣಿಗಳಿಗೆ. ಮರದವು, ಆಮೇಲೆ ಫೈಬರಿನವು.

ಮಲ್ಪೆಯಿಂದ ಮಾಲ್ವಣ್‌ವರೆಗೆ

ಕರ್ನಾಟಕದ ಕರಾವಳಿಯಲ್ಲಿ ರಂಪಣಿ ಬಲೆಯ ಕಾಲದಲ್ಲಿ ಮೀನುಗಾರ ದಡ ಕಾಣದಷ್ಟು ದೂರ ಹೋಗುತ್ತಿದ್ದುದು ಕಡಿಮೆ. ಯಾಂತ್ರೀಕೃತ ಟ್ರಾಲ್ ಬೋಟುಗಳು ಬಂದವು, 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂತು, ಆಮೇಲೆ ಹತ್ತು ದಿನ ಕಡಲಲ್ಲೇ ಇರುವ ಆಳಸಮುದ್ರ ಬೋಟುಗಳು. ದೂರ ಹೆಚ್ಚಿದಂತೆ ಸುದ್ದಿಯ ಹಸಿವೂ ಹೆಚ್ಚಿತು. ಮೀನು ಎಲ್ಲಿ ಸಿಕ್ಕಿತು, ಗಾಳಿ ಯಾವ ಕಡೆ ತಿರುಗಿತು, ಎಂಜಿನ್ ಕೆಟ್ಟರೆ ಯಾರು ಎಳೆದು ತರುತ್ತಾರೆ, ಎಲ್ಲಕ್ಕೂ ತಾಂಡೇಲನ ಕೈಯಲ್ಲಿರುವುದು ‘ವೈರ್‌ಲೆಸ್’.

ಬೋಟುಗಳಲ್ಲಿ ಸಾಮಾನ್ಯವಾಗಿ ಇರುವುದು ವಿ.ಎಚ್.ಎಫ್. ಸೆಟ್ಟು. ಅದರಲ್ಲಿ ಅಪಾಯದ ಕರೆಗೆ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್. ಈ ತರಂಗದ ಉದ್ದ ಎರಡು ಮೀಟರಿಗೂ ತುಸು ಕಡಿಮೆ. ಒಂದು ಗಜಕ್ಕಿಂತ ತುಸುವೇ ಹೆಚ್ಚು ಉದ್ದದ ಏರಿಯಲ್ ತನ್ನ ಎರಡೂ ಅರ್ಧಗಳನ್ನು ತನ್ನೊಳಗೇ ಇಟ್ಟುಕೊಳ್ಳಬಲ್ಲದು. ಕೆಲಸ ಮಾಡಲು ಅದಕ್ಕೆ ಕಡಲಿನ ಹಂಗಿಲ್ಲ. ಆದರೆ ಅದು ನೇರ ನೋಟದ ತರಂಗ. ಐದು ಮೀಟರ್ ಎತ್ತರದ ಏರಿಯಲ್ ಇರುವ ಎರಡು ಬೋಟುಗಳು ಸುಮಾರು 18 ಕಿಲೋಮೀಟರ್ ದೂರದವರೆಗೆ ಮಾತಾಡಬಹುದು. ಅದರಾಚೆ ಭೂಮಿಯ ಗುಂಡುಮೈ ಅಡ್ಡ ಬರುತ್ತದೆ.

ನೂರಾರು ಕಿಲೋಮೀಟರ್ ದಾಟಬೇಕಾದರೆ ಉದ್ದದ ತರಂಗ ಬೇಕು. ಧ್ವನಿಯಲ್ಲಿ ಅಪಾಯದ ಕರೆ ನೀಡಲು ಜಗತ್ತಿನ ಹಡಗುಗಳು 1999ರವರೆಗೂ ಮುಖ್ಯವಾಗಿ ಬಳಸುತ್ತಿದ್ದ 2,182 ಕಿಲೋಹರ್ಟ್ಸ್‌ನ ತರಂಗ 137 ಮೀಟರ್ ಉದ್ದದ್ದು. ಅದರ ಕಾಲುಭಾಗವೇ 34 ಮೀಟರ್. ಅಷ್ಟೆತ್ತರದ ಕಂಬವನ್ನು ಬೋಟಿನಲ್ಲಿ ನಿಲ್ಲಿಸುವವರು ಯಾರು? ಏಳೆಂಟು ಮೀಟರ್ ಏರಿಯಲ್ಲಿಗೆ ಹೊಂದಾಣಿಕೆಯ ಪೆಟ್ಟಿಗೆಯೊಂದನ್ನು ಸೇರಿಸಿ ತಂತ್ರ ಮಾಡುತ್ತಾರೆ. ಇಲ್ಲಿ ಅರ್ತ್ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಅಷ್ಟೇ ಅಲ್ಲ, ಅಪಾಯ. ಕಾಲೂರಲು ಜಾಗ ಸಿಗದ ವಿದ್ಯುತ್ತು ಬೋಟಿನಲ್ಲಿ ಸಿಕ್ಕಸಿಕ್ಕ ಲೋಹದೊಳಗೆ ನುಗ್ಗುತ್ತದೆ: ಬ್ಯಾಟರಿಯ ತಂತಿ, ಎಂಜಿನ್, ಕಂಬಿ, ಕೊನೆಗೆ ಮೈಕು. ಮಾತಾಡಲು ಮೈಕಿನ ಗುಂಡಿ ಒತ್ತಿದವನ ತುಟಿಗೆ ಚುರುಕ್ ಎಂದು ಬರೆ ಬೀಳುವುದು ಇದರಿಂದಲೇ. ಮಾತು ದಡಕ್ಕೆ ಹೋಗುವ ಬದಲು ತಾಂಡೇಲನ ತುಟಿಗೇ ವಾಪಸು!

ಕರೆ ತಲುಪದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಕರಾವಳಿ ಮರೆಯುವಂತಿಲ್ಲ. 2018ರ ಡಿಸೆಂಬರ್ 13ರಂದು ಏಳು ಮೀನುಗಾರರೊಂದಿಗೆ ಮಲ್ಪೆ ಬಿಟ್ಟ ‘ಸುವರ್ಣ ತ್ರಿಭುಜ’ ಬೋಟು 15ರ ಬಳಿಕ ಸಂಪರ್ಕಕ್ಕೆ ಸಿಗಲಿಲ್ಲ. ಉಡುಪಿ ಮತ್ತು ಉತ್ತರ ಕನ್ನಡದ ಏಳು ಮನೆಗಳು ನಾಲ್ಕೂವರೆ ತಿಂಗಳು ದಾರಿ ಕಾದವು. 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ನೌಕೆ ಮಹಾರಾಷ್ಟ್ರದ ಮಾಲ್ವಣ್‌ನಿಂದಾಚೆ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷವನ್ನು ಪತ್ತೆ ಹಚ್ಚಿತು. ಅರ್ತ್ ತಂತಿಗೂ ಈ ದುರಂತಕ್ಕೂ ಸಂಬಂಧ ಕಲ್ಪಿಸುವುದು ತಪ್ಪಾದೀತು. ಬೋಟಿನ ಮೌನಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನೆನೆಯಲು ಮಾತ್ರ ಇದನ್ನು ಹೇಳಬೇಕಾಯಿತು. ಉಪಗ್ರಹದ ಮೂಲಕ ಸಂದೇಶ ಹೋಗಿಬರುವ, ಇಸ್ರೊ ತಂತ್ರಜ್ಞಾನದ ಪುಟ್ಟ ಸಾಧನಗಳನ್ನು ದೇಶದ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿತು. ಅಂಥ ಸಾಧನವನ್ನೂ ಬೋಟಿನ ನೆತ್ತಿಯ ಮೇಲೆ, ಸಿಡಿಲಿನ ಕಣ್ಣಿಗೆ ಬೀಳುವಲ್ಲಿಯೇ ಇಡಬೇಕಷ್ಟೆ.

ತಾಮ್ರದ ಪಟ್ಟಿ, ಸತುವಿನ ಗಟ್ಟಿ

ಮರದ ಅಥವಾ ಫೈಬರಿನ ಬೋಟಿಗೆ ಅರ್ತ್ ಮಾಡುವ ಕ್ರಮವನ್ನು ನೋಡಿದರೆ ಸ್ನೋ ಹ್ಯಾರಿಸ್ ಮತ್ತೆ ಎದ್ದು ಬಂದಂತೆ ಅನಿಸುತ್ತದೆ. ನೀರಿನಲ್ಲಿ ಸದಾ ಮುಳುಗಿರುವಂತೆ ಬೋಟಿನ ತಳಕ್ಕೆ ಹೊರಗಿನಿಂದ ತಾಮ್ರದ ಅಥವಾ ಕಂಚಿನ ಫಲಕ. ಅಲ್ಲಿಂದ ರೇಡಿಯೊದ ಹೊಂದಾಣಿಕೆ ಪೆಟ್ಟಿಗೆಗೆ ಅಗಲವಾದ ತಾಮ್ರದ ಪಟ್ಟಿ. ತಂತಿಯಲ್ಲ, ಪಟ್ಟಿಯೇ ಆಗಬೇಕು. ಮನೆಯ ವಿದ್ಯುತ್ತು ತಂತಿಯ ಒಳಗೆಲ್ಲ ಹರಿಯುತ್ತದೆ. ರೇಡಿಯೊ ವಿದ್ಯುತ್ತು ಲೋಹದ ಚರ್ಮದ ಮೇಲಷ್ಟೇ ಓಡುತ್ತದೆ. 2,182 ಕಿಲೋಹರ್ಟ್ಸ್‌ನಲ್ಲಿ ಅದು ತಾಮ್ರದೊಳಕ್ಕೆ ಇಳಿಯುವ ಆಳ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಆದ್ದರಿಂದ ದಪ್ಪಕ್ಕಿಂತ ಅಗಲ ಮುಖ್ಯ, ಉದ್ದ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.

ಆದರೆ ತಾಮ್ರವನ್ನು ಉಪ್ಪುನೀರಿಗೆ ಇಳಿಸಿದೊಡನೆ ಇನ್ನೊಂದು ಸಂಕಟ ಶುರು. ಬೋಟಿಗೆ ಕಬ್ಬಿಣದ ಭಾಗಗಳಿವೆ, ಕಂಚಿನ ಪಂಖವಿದೆ. ಬೇರೆ ಬೇರೆ ಲೋಹಗಳನ್ನು ಉಪ್ಪುನೀರಿನಲ್ಲಿಟ್ಟು ತಂತಿಯಿಂದ ಜೋಡಿಸಿದರೆ ಅದು ಬ್ಯಾಟರಿಯೇ. ದುರ್ಬಲ ಲೋಹ ಸದ್ದಿಲ್ಲದೆ ಕರಗುತ್ತ ಹೋಗುತ್ತದೆ. ಲಂಡನ್ನಿನ ಸರ್ ಹಂಫ್ರಿ ಡೇವಿ 1824ರಲ್ಲಿಯೇ ಈ ಗುಟ್ಟು ಅರಿತು, ಹಡಗಿನ ತಾಮ್ರದ ತಗಡಿಗೆ ಸತುವಿನ ಅಥವಾ ಕಬ್ಬಿಣದ ಗಟ್ಟಿ ಜೋಡಿಸಿದರೆ ತಾಮ್ರ ಉಳಿದು ಗಟ್ಟಿ ಮಾತ್ರ ಸವೆಯುತ್ತದೆಂದು ತೋರಿಸಿದ. ತಾಮ್ರವೇನೋ ಉಳಿಯಿತು. ಆದರೆ ಸವೆಯದ ತಾಮ್ರಕ್ಕೆ ವಿಷವಿಲ್ಲ. ಅದರ ಮೇಲೆ ಪಾಚಿ, ಚಿಪ್ಪುಹುಳು ದಟ್ಟವಾಗಿ ಹತ್ತಿ ಹಡಗುಗಳು ನಿಧಾನವಾದವು! ನೌಕಾಪಡೆ ಡೇವಿಯ ಉಪಾಯವನ್ನು ಕೈಬಿಟ್ಟಿತು. ಕಬ್ಬಿಣವನ್ನು ಕಾಯಲು ಸತು ಕಟ್ಟುವ ಆತನ ವಿದ್ಯೆ ಮಾತ್ರ ಇಂದಿಗೂ ಬೋಟುಗಳ ತಳದಲ್ಲಿ ಬದುಕಿದೆ. ರೇಡಿಯೊ ಪಟ್ಟಿಗೆ ಇನ್ನೊಂದು ಜಾಣ ಪರಿಹಾರವಿದೆ. ಪಟ್ಟಿಯನ್ನು ಒಂದೆಡೆ ಕತ್ತರಿಸಿ, ನಡುವೆ ಕೆಪಾಸಿಟರ್‌ಗಳನ್ನು ಬೆಸುಗೆ ಹಾಕುವುದು. ಲೋಹ ತಿನ್ನುವ ನೇರ ವಿದ್ಯುತ್ತು ಅಲ್ಲಿ ನಿಲ್ಲುತ್ತದೆ, ರೇಡಿಯೊ ವಿದ್ಯುತ್ತು ದಾಟಿ ಹೋಗುತ್ತದೆ.

ಸಿಡಿಲಿನ ದಾರಿ ಮಾತ್ರ ಬೇರೆಯೇ ಇರಬೇಕು. ಅಲ್ಲಿ ಕೆಪಾಸಿಟರ್‌ನಂಥ ಸೂಕ್ಷ್ಮ ನಡೆಯದು. ಸಾಮಾನ್ಯ ಸಿಡಿಲಿನಲ್ಲಿ 20-30 ಸಾವಿರ ಆಂಪೇರ್ ಹರಿಯುತ್ತದೆ. ಏರಿಯಲ್‌ಗಿಂತ ಎತ್ತರದಲ್ಲಿ ಒಂದು ಸಲಾಕೆ, ಅಲ್ಲಿಂದ ದಪ್ಪ ತಾಮ್ರ ಆದಷ್ಟು ನೆಟ್ಟಗೆ ನೀರಿನ ಫಲಕಕ್ಕೆ ಇಳಿಯಬೇಕು. ಚೂಪಾದ ತಿರುವು ಇದ್ದರೆ ಸಿಡಿಲು ಅಲ್ಲಿ ತಂತಿ ಬಿಟ್ಟು ಜಿಗಿಯುತ್ತದೆ. ಹತ್ತಿರದ ಎಂಜಿನ್, ಡೀಸೆಲ್ ಟ್ಯಾಂಕು, ಕಂಬಿಗಳನ್ನೂ, ಆರು ಅಡಿಯೊಳಗಿನ ದೊಡ್ಡ ಲೋಹಗಳೆಲ್ಲವನ್ನೂ, ಇದೇ ವ್ಯವಸ್ಥೆಗೆ ಜೋಡಿಸಬೇಕು. ಇಲ್ಲದಿದ್ದರೆ ಸಿಡಿಲು ಪಕ್ಕಕ್ಕೆ ಹಾರುವಾಗ ನಡುವೆ ಮನುಷ್ಯನಿದ್ದರೆ ಅವನ ಮೂಲಕವೇ ಹಾರುತ್ತದೆ. ಗುಡುಗು ಹತ್ತಿರವಾದಾಗ ಏರಿಯಲ್ ತಂತಿಯನ್ನು ಸೆಟ್ಟಿನಿಂದ ಕಳಚಿ ದೂರವಿಡುವುದು, ಮೈಕು ಮುಟ್ಟದಿರುವುದು ಹಳೆಯ ಕ್ರಮ. ಹಂಚಿನ ಮನೆಯಲ್ಲಿ ಹಿರಿಯರು ಮಳೆಗಾಲದಲ್ಲಿ ಏರಿಯಲ್ ಕಿತ್ತಿಡುತ್ತಿದ್ದುದೂ ಇದೇ.

ಇಷ್ಟೆಲ್ಲ ಹೇಳಿ ಮುಗಿಸುವಾಗ ಸಖರಾಯಪಟ್ಟಣದವರು ಒಂದು ಪ್ರಶ್ನೆ ಕೇಳಬಹುದು: ನಮ್ಮ ಅಯ್ಯನಕೆರೆಯಲ್ಲಿ ಬೋಟು ಬಿಟ್ಟರೆ ಇದೇ ಫಲಕ ಸಾಕೇ? ಶಕುನಗಿರಿಯ ಬುಡದ ಈ ಕೆರೆಯನ್ನು ರುಕ್ಮಾಂಗದರಾಯ ಕಟ್ಟಿಸಿದನೆಂಬ ಪ್ರತೀತಿಯಿದೆ. ಹೊಯ್ಸಳರ ಕಾಲದಲ್ಲಿ ಅದರ ಜೀರ್ಣೋದ್ಧಾರವಾಯಿತು. ಬಾಬಾಬುಡನ್ ಗಿರಿಯಲ್ಲಿ ಹುಟ್ಟಿದ ವೇದಾ ಹೊಳೆ ಈ ಕೆರೆಯನ್ನು ಹಾದು, ಕಡೂರಿನ ಬಳಿ ಅವತಿಯೊಂದಿಗೆ ಕೂಡಿ ವೇದಾವತಿಯಾಗುತ್ತದೆ. ಅದು ಹಿರಿಯೂರಿನ ಮಾರಿಕಣಿವೆಯಲ್ಲಿ ತಂಗಿ, ತುಂಗಭದ್ರೆ, ಕೃಷ್ಣೆಯರ ಸಂಗದಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಅಂದರೆ ಈ ನೀರು ಉಪ್ಪಾಗುವುದು ನೂರಾರು ಮೈಲಿ ಆಚೆ.

ಪ್ರಶ್ನೆಗೆ ಉತ್ತರ, ಸಾಲದು. ಸಮುದ್ರದ ನೀರು ಕೆರೆಯ ಸಿಹಿನೀರಿಗಿಂತ ನೂರು ಪಟ್ಟಿಗೂ ಹೆಚ್ಚು ಸಲೀಸಾಗಿ ವಿದ್ಯುತ್ತನ್ನು ಒಯ್ಯುತ್ತದೆ. ಬೋಟಿಗೆ ಒಂದು ಚದರ ಅಡಿ ಫಲಕವಿದ್ದರೆ ಸಾಕು ಎಂಬ ಹಳೆಯ ಅಮೆರಿಕನ್ ನಿಯಮವನ್ನು ಫ್ಲೋರಿಡಾ ವಿಶ್ವವಿದ್ಯಾಲಯದ ಈವನ್ ಥಾಮ್ಸನ್ 1991ರಲ್ಲಿ ಪರಿಶೀಲಿಸಿ, ಅದು ಉಪ್ಪುನೀರಿಗೆ ಸರಿ, ಸಿಹಿನೀರಿಗೆ ತೀರ ಕಡಿಮೆ ಎಂದು ತೋರಿಸಿದರು. ಫಲಕದಿಂದ ಕೆರೆಗೆ ಇಳಿಯಲಾರದ ಸಿಡಿಲು ಬೋಟಿನ ಮೈಯಲ್ಲಿ ಲಕ್ಷಗಟ್ಟಲೆ ವೋಲ್ಟ್ ಏರಿಸಿ, ನೀರಿನ ಮಟ್ಟದಲ್ಲಿ ಎಲ್ಲೆಂದರಲ್ಲಿ ತೂತು ಕೊರೆದು ಹೊರಬೀಳುತ್ತದೆ. ಕೆರೆಯಲ್ಲಿ ಏಪ್ರಿಲ್-ಮೇ ತಿಂಗಳ ಮೋಡ ಕಂಡರೆ ದಡ ಸೇರುವುದೊಂದೇ ದಾರಿ. ಹರಿಗೋಲಿನವರು ಮೊದಲಿಂದಲೂ ಮಾಡಿಕೊಂಡು ಬಂದಿರುವುದೂ ಅದನ್ನೇ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಬೋಟುಗಳನ್ನು ದಡಕ್ಕೆ ಎಳೆದು ತಳ ಕೆರೆದು ಬಣ್ಣ ಬಳಿಯುವ ಕಾಲ ಅದು. ತಳಕ್ಕೆಲ್ಲ ಬಣ್ಣ ಬಳಿಯುವ ಹುರುಪಿನಲ್ಲಿ ಅರ್ತ್ ಫಲಕದ ಮೇಲೂ ಬಳಿದುಬಿಡುವುದು ಲೋಕದ ಎಲ್ಲ ಬಂದರುಗಳಲ್ಲೂ ನಡೆಯುವ ತಪ್ಪು. ಬಣ್ಣ ಹತ್ತಿದ ಫಲಕ ನೀರಿನಲ್ಲಿದ್ದರೂ ನೀರನ್ನು ಮುಟ್ಟುವುದಿಲ್ಲ. ಅದು ಗೊತ್ತಾಗುವುದು ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿದು ಮೊದಲ ಗುಡುಗು ಕೇಳಿದ ಮೇಲೆ.